ಅಳು ಕಲಿಸುವ ಭೂರಿಬಾಯಿ

ಗೋವಾದಲ್ಲಿ ನೆಲೆಸಿದ ನಮ್ಮ ಲಂಬಾಣಿ ಜನರಲ್ಲಿ ಅಳುವುದಕ್ಕೆ ನಮ್ಮವ್ವನನ್ನು ಮೀರಿಸಿದವರಿರಲಿಲ್ಲ. ಅವಳ ಹೆಸರು ಭೂರಿಬಾಯಿ. ಹಗಲೆಲ್ಲ ಅಂಜುಣಾ ಬೀಚಿನಲ್ಲಿ ಕನ್ನಡಿ ಹೊಲಿದ ಚೀಲ ಮಾರುತ್ತಿದ್ದಳು, ಸಂಜೆ ಗುಡಿಸಲ ಮುಂದೆ ಕೂತು ಮದುಮಗಳಾಗುವ ಹುಡುಗಿಯರಿಗೆ ಅಳು ಕಲಿಸುತ್ತಿದ್ದಳು. ನಮ್ಮಲ್ಲಿ ಗಂಡನ ಮನೆಗೆ ಹೊರಡುವ ಹುಡುಗಿ ನಾಲ್ಕು ಹನಿ ಉದುರಿಸಿ ಮೂಗು ಒರೆಸಿಕೊಂಡರೆ ಯಾರೂ ಒಪ್ಪುವುದಿಲ್ಲ. ತವರಿನ ಒಬ್ಬೊಬ್ಬರ ಕೊರಳಿಗೂ ಜೋತುಬಿದ್ದು, ಅವರವರಿಗೆ ತಕ್ಕಂತೆ ಮಾತು ಕಟ್ಟಿ, ರಾಗವಾಗಿ ಅಳಬೇಕು. ಅದಕ್ಕೆ ಢಾವಲೋ ಎನ್ನುತ್ತಾರೆ. ಕಲಿಯಲು ಒಂದು ತಿಂಗಳಾದರೂ ಬೇಕು.

ಅವ್ವನ ಪಾಠ ಬಲು ಕಟ್ಟುನಿಟ್ಟು. "ಸ್ವಾದರಮಾವಗ ಇಷ್ಟ್ಯಾಕ ಅಳತೀ? ಅವ ತಂದಿದ್ದು ಒಂದು ಸೀರಿ, ಅದೂ ಬಣ್ಣಾ ಬಿಡೂದು. ಸಾಕು, ಅಣ್ಣನ ಕಡೆ ಹೋಗು" ಎನ್ನುತ್ತಿದ್ದಳು. ಮದುವೆಯ ದಿನ ಅವಳೇ ಮುಂದೆ ನಿಂತು ಶುರು ಮಾಡಿದರೆ, ಮದುಮಗಳನ್ನು ಅಂದೇ ಮೊದಲು ಕಂಡವರೂ ಕಣ್ಣಿಗೆ ಸೆರಗು ಒತ್ತಿಕೊಳ್ಳುತ್ತಿದ್ದರು. ಎಲ್ಲ ಮುಗಿದ ಮೇಲೆ ಇವಳು ಕಣ್ಣೊರೆಸಿಕೊಂಡು ಊಟಕ್ಕೆ ಕೂತು, ಪಲ್ಯಕ್ಕೆ ಉಪ್ಪು ಕಡಿಮೆ ಎಂದು ತಕರಾರು ತೆಗೆಯುತ್ತಿದ್ದಳು.

ಇಂಥವಳ ಮಗಳು ನಾನು, ಚಂಪಾ. ೧೯೯೬ರಲ್ಲಿ ಪಣಜಿಯ ಕಾಲೇಜೊಂದರಲ್ಲಿ ಬಟ್ಟೆಯ ಕುಸುರಿ ಓದುತ್ತಿದ್ದೆ. ಜರ್ಮನಿಯ ಒಂದು ನೇಯ್ಗೆ ಶಾಲೆಗೆ ಒಂದು ಸೆಮಿಸ್ಟರ್ ಮಟ್ಟಿಗೆ ಯಾರನ್ನಾದರೂ ಕಳಿಸಬೇಕಾಗಿ ಬಂದು, ಕಾಲೇಜಿನವರು ನನ್ನನ್ನು ಆರಿಸಿದರು. ಅಕ್ಟೋಬರಿನಲ್ಲಿ ಹೊರಟರೆ ಫೆಬ್ರುವರಿಯಲ್ಲಿ ವಾಪಸು. ಅಲ್ಲಿ ಕಲಿಯಬೇಕಾದ ವಿಷಯಗಳ ಪಟ್ಟಿ ಬಂತು. ಮೂರನೆಯದು, ಭಾರತದ ಕನ್ನಡಿ ಹೊಲಿಗೆ. ಅದನ್ನು ಕಲಿಯಲು ಏಳು ಸಮುದ್ರ ದಾಟಬೇಕೆಂದು ಅಲ್ಲಿಯ ತನಕ ನಮ್ಮ ಗುಡಿಸಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕಾಲೇಜಿನವರು 'ಮಾನಸಿಕ ಸಿದ್ಧತೆ' ಎಂಬ ಒಂದು ಹಾಳೆಯನ್ನೂ ಕೊಟ್ಟರು. ದಿನಚರಿ ಬರೆಯಿರಿ, ನೀರು ಹೆಚ್ಚು ಕುಡಿಯಿರಿ, ಮನೆಯವರೊಂದಿಗೆ ಭಾವನೆಗಳನ್ನು ಹಂಚಿಕೊಳ್ಳಿ ಎಂದು ಅದರಲ್ಲಿತ್ತು. ನಮ್ಮ ಮನೆಯಲ್ಲಿ ಹಂಚಿಕೊಳ್ಳುತ್ತಿದ್ದುದು ಒಂದು ಕೊಡ ನೀರು ಮತ್ತು ಒಂದು ಬಲ್ಬು. ಅಪ್ಪ ಲೋಕಪ್ಪ ವೆರ್ಣಾದ ಕಾರ್ಖಾನೆಯಲ್ಲಿ ದುಡಿಯುತ್ತ ಅಲ್ಲೇ ಇದ್ದು, ವಾರದ ರಜೆಗೆ ಮನೆಗೆ ಬರುತ್ತಿದ್ದ. ಅವನಿಗೆ ಸ್ವಂತದ್ದೊಂದು ಅಭಿಪ್ರಾಯ ಇದ್ದುದನ್ನು ನಾನು ಕಾಣೆ. ಕಂಪನಿ ಬಸ್ಸಿನಲ್ಲಿ ವಿಚಾರಿಸಿಕೊಂಡು ಬರುತ್ತಿದ್ದ. "ಬಸ್ನ್ಯಾಗ ಎಲ್ಲಾರೂ ಹೇಳಾಕತ್ತಾರ, ಅಲ್ಲಿ ಥಂಡಿಗೆ ಮೂಗು ಉದರತೈತಂತ" ಎಂದು ಹೇಳಿ ಒಂದು ಮಂಕಿ ಟೋಪಿ ಕೊಟ್ಟ. ಅವನ ಕಡೆಯಿಂದ ಭಾವನೆಗಳು ಅಲ್ಲಿಗೆ ಮುಗಿದವು.

ಉಳಿದ ಭಾರವನ್ನು ಪಕ್ಕದ ಗುಡಿಸಲಿನ ಮೋತಿಬಾಯಿ ಹೊತ್ತುಕೊಂಡಳು. ಅವಳು ಊರಿಗೆಲ್ಲ ಅತ್ತೆ. "ಹುಡುಗಿ ಹೊಚ್ಚಲಾ ದಾಟಿ ಹೊಂಟಾಳ. ಢಾವಲೋ ಇಲ್ದ ಕಳಿಸಿದ್ರ ಓಡಿಹೋದಾಕಿನ್ನ ಕಳಿಸಿದಂಗ ಆಕ್ಕೈತಿ" ಎಂದು ತೀರ್ಪು ಕೊಟ್ಟಳು.

"ಅತ್ತಿ, ನಾ ಲಗ್ನಾ ಆಗಾಕತ್ತಿಲ್ಲ. ಗಂಡನ ಮನಿನ ಇಲ್ಲಲ್ಲ?"

"ಹಾಸ್ಟೆಲ್ ಅಂತೀಯಲ್ಲ, ಅದ ಗಂಡನ ಮನಿ. ಅವ್ರು ಹೇಳಿದಾಗ ಏಳಬೇಕು, ಕೊಟ್ಟಿದ್ದು ತಿನ್ನಬೇಕು. ಇನ್ನೇನ ಬೇಕು?"

ವಾದದಲ್ಲಿ ಹುರುಳಿತ್ತು. ದಿನಾ ಸಂಜೆ ನನಗೆ ಅಳುವ ಪಾಠ ಶುರುವಾಯಿತು. ಮೋತಿಬಾಯಿಯ ಕೊರಳಿಗೆ ಜೋತುಬಿದ್ದು, ನಿನ್ನನ್ನು ಬಿಟ್ಟು ಹೇಗಿರಲಿ ಅತ್ತೆ ಎಂದು ರಾಗ ಎಳೆಯಬೇಕು. ಎಳೆಯುತ್ತಿದ್ದಂತೆ ನನಗೆ ನಗು ಒತ್ತರಿಸಿ ಬರುತ್ತಿತ್ತು. ಈ ಪಾಠದ ನಡುವೆಯೇ ಪೆಟ್ಟಿಗೆ ತುಂಬುವ ಕೆಲಸವೂ ನಡೆಯುತ್ತಿತ್ತು. ವಿಮಾನದಲ್ಲಿ ಇಪ್ಪತ್ತು ಕಿಲೋ ಮಾತ್ರ ಎಂದು ಎಷ್ಟು ಹೇಳಿದರೂ ಹೆಂಗಸರು ಅದನ್ನು ಚೌಕಾಸಿಗೆ ಇಟ್ಟ ಮೊದಲ ದರವೆಂದೇ ತಿಳಿದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಎರಡು ಕಿಲೋ ಖಾರಪುಡಿ, ಹೊದೆಯಲು ಒಂದು ಕೌದಿ, ಜರ್ಮನಿಯಲ್ಲಿ ಸಿಗಲಿಕ್ಕಿಲ್ಲವೆಂದು ಒಂದು ಲೋಟ.

ಅವ್ವ ಮಾತ್ರ ಯಾವುದಕ್ಕೂ ಬರಲಿಲ್ಲ. ಪಾಠ ಶುರುವಾದರೆ ಎದ್ದು ಕೊಡ ತೊಳೆಯಲು ಹೋಗುತ್ತಿದ್ದಳು. ಮಿಕ್ಕವರು ಪೆಟ್ಟಿಗೆಗೆ ಹಾಕಿದ್ದನ್ನು ಬೆಳಿಗ್ಗೆ ಒಂದೊಂದಾಗಿ ತೆಗೆದು ಹೊರಗಿಡುತ್ತಿದ್ದಳು. ಕೌದಿ ತೆಗೆದಳು, ಲೋಟ ತೆಗೆದಳು, ನನ್ನ ಹಬ್ಬದ ಪೇಟಿಯಾ ಲಂಗ, ಕುಪ್ಪಸ ಎರಡನ್ನೂ ತೆಗೆದಳು. "ಇದು ಇಲ್ಲೇ ಇರ್ಲಿ" ಎಂಬುದೊಂದೇ ಮಾತು.

ನನಗೆ ಕೆಟ್ಟ ಸಿಟ್ಟು ಬಂತು. ಕಂಡವರ ಮಕ್ಕಳಿಗೆ ಒಂದು ತೆಂಗಿನಕಾಯಿಗೂ ಒಂದು ಖಣಕ್ಕೂ ಬಕೆಟ್ಟುಗಟ್ಟಲೆ ಕಣ್ಣೀರು ಸುರಿಸುವವಳು, ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಒಂದು ಹನಿ ಖರ್ಚು ಮಾಡಲು ಹಿಂದೆಮುಂದೆ ನೋಡುತ್ತಿದ್ದಾಳೆ! ಪ್ರವಾಸಿಗರ ಸೀಸನ್ ಶುರುವಾಗುವ ಹೊತ್ತಿಗೆ ಹೊಲಿಯುವ ಎರಡು ಕೈ ಹೋಗುತ್ತವೆಂದು ಸಿಟ್ಟೋ, ನಾನು ಹೋದರೂ ಅಷ್ಟೇ ಬಿಟ್ಟರೂ ಅಷ್ಟೇ ಎಂದೋ, ತಿಳಿಯಲಿಲ್ಲ. ಹೊರಡುವ ಹಿಂದಿನ ದಿನ ನಾನು ಮನಸ್ಸಿನಲ್ಲೇ ನಿರ್ಧರಿಸಿದೆ. ಇವಳು ನನಗಾಗಿ ಅಳದಿದ್ದರೆ ನಾನು ಹೋಗುವುದಿಲ್ಲ. ಹಾಳೆಯಲ್ಲಿದ್ದ ಮಾನಸಿಕ ಸಿದ್ಧತೆ ಇಷ್ಟು ಚೆನ್ನಾಗಿ ಫಲ ಕೊಟ್ಟಿತ್ತು.

ಮರುದಿನ ಬುಧವಾರ, ಅಂಜುಣಾ ಸಂತೆಯ ದಿನ. ಅವ್ವ ಬೆಳಕು ಹರಿಯುವ ಮೊದಲೇ ಗಂಟು ಹೊತ್ತು ಸಂತೆಗೆ ಜಾಗ ಹಿಡಿಯಲು ಹೋಗಿದ್ದಳು. ಮಗಳು ವಿದೇಶಕ್ಕೆ ಹೊರಟ ದಿನವೂ! ಹತ್ತು ಗಂಟೆಗೆ ಟೆಂಪೊ ಬಂತು. ಮೋತಿಬಾಯಿಯ ಮುಂದಾಳುತನದಲ್ಲಿ ಹೆಂಗಸರು ಸೇರಿ ಢಾವಲೋ ಎತ್ತಿದರು. ರೊಟ್ಟಿ ಮಾರುವವಳು ಅತ್ತಳು, ಟೆಂಪೊ ಚಾಲಕ ಕೂಡ ಕಣ್ಣು ಒರೆಸಿಕೊಂಡ. ಹೊರಡುವ ಮದುಮಗಳು ಎತ್ತಿನ ಮೇಲೆ ನಿಂತು, ಎರಡೂ ಕೈ ಎತ್ತಿ ತವರನ್ನು ಹರಸುವುದು ನಮ್ಮ ಪದ್ಧತಿ. ಎತ್ತಿಗೆ ಅಂಜುಣಾದಲ್ಲಿ ಎಲ್ಲಿ ಹೋಗುವುದು? ವಿದೇಶಿಯರ ಜೊತೆ ಫೋಟೊಕ್ಕೆ ನಿಲ್ಲಿಸುವ ತನ್ನ ಬಸವನನ್ನು ಕೇರಿಯ ಕಂಠೆಪ್ಪ ಸಂತೆಯಿಂದ ಹೊಡೆದುಕೊಂಡು ಬಂದಿದ್ದ. ಮೈತುಂಬ ಜೂಲು, ಕೊಂಬಿಗೆ ಗೊಂಡೆ, ಕ್ಯಾಮೆರಾ ಕಂಡರೆ ತಾನೇ ಮುಖ ತಿರುಗಿಸುವಷ್ಟು ಪಳಗಿದ ಪ್ರಾಣಿ.

ಹೋಗುವುದಿಲ್ಲ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಮೋತಿಬಾಯಿ ನನ್ನ ತೋಳು ಹಿಡಿದು ಎತ್ತಿನ ಬೆನ್ನಿಗೆ ಹತ್ತಿಸಿದಳು. ಜೀನ್ಸ್ ಪ್ಯಾಂಟಿನಲ್ಲಿ, ಮಂಕಿ ಟೋಪಿಯನ್ನು ಕೈಯಲ್ಲಿ ಹಿಡಿದು, ನಾನು ಇಲ್ಲದ ಗಂಡನ ಮನೆಗೆ ಹೊರಟು ನಿಂತೆ. ಹರಸಲು ಕೈ ಎತ್ತಿದ್ದೆನಷ್ಟೆ, ಸಂತೆಯ ಕಡೆಯಿಂದ ಅವ್ವ ಓಡಿ ಬರುವುದು ಕಂಡಿತು. ಸಿಟ್ಟು ಬಂದರೆ ಅವಳು ಲಂಬಾಣಿ ಬಿಟ್ಟು ಕನ್ನಡಕ್ಕೆ ಇಳಿಯುತ್ತಿದ್ದಳು, ಕೇರಿಗೆಲ್ಲ ತಿಳಿಯಲಿ ಎಂದು.

"ಇಳಿ! ಇಳೀತೀಯೋ ಇಲ್ಲೋ ಕೆಳಗ! ಕೈ ಎತ್ತಿದ್ರ ಮುರದ್ಹಾಕತೇನಿ!"

ನಾನು ಇಳಿದೆ. ಅಳು ಗಕ್ಕನೆ ನಿಂತಿತು.

"ಇಷ್ಟು ಮಂದಿ ಅಳಾಕತ್ತೇವಿ, ಹಡದಾಕಿ ನೀ ಒಂದೀಟು ಅಳಾಕ ಏನ ಧಾಡಿ ನಿನಗ?" ಎಂದು ಮೋತಿಬಾಯಿ ರೇಗಿದಳು.

"ಅದನ್ನ ನಾನೂ ಕೇಳಾಕತ್ತೇನಿ, ಯಾಡಿ" ಎಂದೆ. ಅವ್ವನನ್ನು ನಾವು ಕರೆಯುವುದು ಹಾಗೆ. "ನನಗ ಯಾಕ ಅಳಲಿಲ್ಲ ನೀ?"

ಅವ್ವ ಏದುಸಿರು ಬಿಡುತ್ತಿದ್ದಳು. ಮುಖ ಕೆಂಪಾಗಿತ್ತು, ಕಣ್ಣು ಒಣಗಿತ್ತು.

"ನಮ್ಮವ್ವ ನನ್ನ ಅತ್ತು ಕಳಿಸಿದ್ಳು. ಭಾಳ ಚಲೋ ಅತ್ಲು. ಎತ್ತಿನ ಮ್ಯಾಲ ನಿಂತು ನಾನೂ ಕೈ ಎತ್ತಿ ಹರಸಿದೆ. ಅವತ್ತಿನಿಂದ ನಮ್ಮವ್ವನ ಮನ್ಯಾಗ ನಾ ಗಡಿಗಿ ಮುಚ್ಚಳಾ ತಗದು ನೋಡಿಲ್ಲ, ಚಂಪಿ. ಬಡಿಸಿದಷ್ಟ ಉಂಡು ಎದ್ದೇನಿ. ಅತ್ತು ಕಳಿಸಿದ ಮಗಳು ಹೊಳ್ಳಿ ಬರೂದು ಹೊರಗಿನ ಬೀಗತಿ ಆಗಿ. ನನಗ ಬೀಗತಿ ಬ್ಯಾಡ. ನಾ ನಿನ್ನ ಯಾರಿಗೂ ಕೊಟ್ಟಿಲ್ಲ. ನಿನ್ನ ಕೌದಿ ಇಲ್ಲೇ ಐತಿ, ಲೋಟಾ ಇಲ್ಲೇ ಐತಿ. ಬಂದು ಮುಚ್ಚಳಾ ತಗದು, ಇದೇನ ಸಾರು ಮಾಡೀ ಅಂತ ನನ್ನ ಬೈ."

ಮೋತಿಬಾಯಿ ಎತ್ತಿನ ಗೊಂಡೆ ಸರಿ ಮಾಡತೊಡಗಿದಳು. ನಾನು ಟೆಂಪೊ ಹತ್ತಿದೆ. ಅಷ್ಟರಲ್ಲಾಗಲೇ ಅವ್ವ ಸಂತೆಯ ದಾರಿ ಹಿಡಿದಿದ್ದಳು, ಗಂಟನ್ನು ಯಾರಿಗೋ ನೋಡಿಕೊಳ್ಳಲು ಹೇಳಿ ಬಂದಿದ್ದಳಂತೆ.

"ಯಾಡಿ, ಹೋಗಿ ಬರ್ತೇನಿ" ಎಂದು ಕೂಗಿದೆ.

"ಬಾ, ಲಗೂನ ಬಾ" ಎಂದಳು ತಿರುಗದೆಯೇ, ನಾನು ಪಕ್ಕದ ಮಾಪುಸಾಕ್ಕೆ ಬಟಾಟಿ ತರಲು ಹೊರಟಿದ್ದೇನೆ ಎಂಬಂತೆ.