ಮೂಸಿ ನೋಡಿ ರೋಗ ಹೇಳುತ್ತಿದ್ದ ಟಿವಿ ಮೇಸ್ತ್ರಿ

ಅವರ ಮೂಗಿನ ತುದಿ ಸದಾ ಕಪ್ಪಾಗಿರುತ್ತಿತ್ತು. ಟಿವಿಯಾಗಲಿ ಮಿಕ್ಸರ್ ಆಗಲಿ, ಬಿಚ್ಚಿದ ಕೂಡಲೇ ಒಳಗೆ ಮೂಗು ತಾಗಿಸಿ ಮೂಸುತ್ತಿದ್ದರು. ಅಲ್ಲಿನ ಧೂಳು, ಮಸಿ ಎಲ್ಲ ಮೂಗಿಗೆ ಮೆತ್ತಿಕೊಳ್ಳುತ್ತಿತ್ತು. ಒರೆಸಿಕೊಳ್ಳಿ ಎಂದರೆ, “ಸಂಜೀಕ ಜಳಕ ಇದ್ದ ಐತಲ್ಲ” ಎನ್ನುತ್ತಿದ್ದರು. ಬನವಾಸಿ ಕಡೆಯಿಂದ ಬಂದು ಶಿರಸಿಯ ನಮ್ಮ ಕೇರಿಯಲ್ಲಿ ಎಷ್ಟೋ ವರ್ಷ ರಿಪೇರಿ ಅಂಗಡಿ ನಡೆಸಿದರೂ ಅವರ ಮಾತು ಮಾತ್ರ ಆ ಕಡೆಯದೇ ಆಗಿ ಉಳಿದಿತ್ತು. ಎಲ್ಲರಿಗೂ ಅವರು ಟಿವಿ ಮೇಸ್ತ್ರಿ.

ನನ್ನದು ಕಪಾಟು ಮಾಡುವ ಕಸುಬು. ಚಿಕ್ಕಂದಿನಲ್ಲಿ ಪೇಟೆಯಲ್ಲಿ ನಾಣ್ಯ ಹಾಕಿ ಆಡುತ್ತಿದ್ದ ವಿಡಿಯೊ ಗೇಮಿನ ಪೆಟ್ಟಿಗೆಯಂಥದ್ದೊಂದನ್ನು ನಾನೇ ಮಾಡಬೇಕೆಂಬ ಹುಚ್ಚು ನಲವತ್ತರ ಮೇಲೆ ಹತ್ತಿತು. ಉಳಿದ ಪ್ಲೈವುಡ್ಡಿನಲ್ಲಿ ಪೆಟ್ಟಿಗೆ ಮಾಡಿ, ಒಳಗೆ ಹಳೆಯ ಕಂಪ್ಯೂಟರ್ ಕೂರಿಸಿದೆ. ಗುಂಡಿಗಳಿಗೆ ತಂತಿ ಬೆಸೆಯಲು ಕಲಿಸಿದವರು ಮೇಸ್ತ್ರಿ. ಅಷ್ಟರಲ್ಲಾಗಲೇ ಅವರ ಕಣ್ಣಿಗೆ ಮಂಜು ಕವಿದಿತ್ತು, ಆಪರೇಷನ್ನೂ ಫಲಿಸಿರಲಿಲ್ಲ. ಆದರೂ ಬೆರಳಿನಲ್ಲೇ ತಡವಿ ತಪ್ಪು ಹಿಡಿಯುತ್ತಿದ್ದರು. “ಒಂದ್ ಬದಲಿಸು, ನೋಡು. ಒಮ್ಮೆಲೇ ಎರಡ್ ಬದಲಿಸಿದ್ರ ಕಳ್ಳ ಯಾರಂತ ತಿಳಿಯೂದಿಲ್ಲ” ಎನ್ನುವುದು ಅವರ ಮಾತು.

ಮಳೆಗಾಲದಲ್ಲಿ ನಮ್ಮಲ್ಲಿ ಬೆಂಕಿಪೊಟ್ಟಣದಿಂದ ಹಿಡಿದು ಶಾಲೆಯ ಪುಸ್ತಕದವರೆಗೆ ಥಂಡಿ ಹಿಡಿದದ್ದೆಲ್ಲ ಒಲೆಯ ಮೇಲಿನ ಅಟ್ಟಕ್ಕೇರುತ್ತದೆ. ಪರದೆಗೆ ಚಿತ್ರ ಕಳಿಸುವ ವಿಡಿಯೊ ಕಾರ್ಡನ್ನು ನಾನೂ ಹಾಗೇ ಎರಡು ತಿಂಗಳು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಇಟ್ಟಿದ್ದೆ. ಆಮೇಲೆ ಬಟ್ಟೆಯಿಂದ ಒರೆಸಿ ಪೆಟ್ಟಿಗೆಯೊಳಗೆ ಜೋಡಿಸಿದೆ. ಒಂದು ಭಾನುವಾರ ಗೆಳೆಯರನ್ನೆಲ್ಲ, ಮೇಸ್ತ್ರಿಯನ್ನೂ ಮನೆಗೆ ಕರೆದು, ಚಹಾ ಕೊಟ್ಟು, ಸ್ವಿಚ್ ಒತ್ತಿದರೆ ಪರದೆಯ ತುಂಬ ಹಸಿರು ಗೆರೆ. ಗೆಳೆಯರು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಮೇಸ್ತ್ರಿ ಕಾರ್ಡನ್ನು ತೆಗೆಸಿ ಮೂಸಿದರು. “ಹೊಗಿ ವಾಸನಿ ಐತಿ ತಮ್ಮಾ. ಕಾರ್ಡ್ ಸತ್ತಿಲ್ಲ. ಕೂರಿಸೋ ಅಂಚೈತಲ್ಲ, ಅದನ್ನ ಪೆನ್ಸಿಲ್ ರಬ್ಬರ್‌ಲೆ ತಿಕ್ಕು.”

“ಒರೆಸಿಯೇ ಹಾಕಿದ್ದು.”

“ಒರಿಸಿದ್ರ ಹೋಗೂದಿಲ್ಲ. ತಿಕ್ಕಬೇಕು.”

“ನಿಮಗೆ ಎಂತ ಕಾಣ್ತದೆ ಅಂತ ಹೇಳ್ತೀರಿ? ಪರದೆ ಮೇಲಿನ ಗೆರೆಯೇ ಕಾಣ್ಸೂದಿಲ್ಲ ನಿಮಗೆ!”

ಇದನ್ನು ನಾನು ಎಲ್ಲರೆದುರು ಹೇಳಿದೆ. ಅವರು ಸಾವಕಾಶ ಕಾರ್ಡನ್ನು ನನ್ನ ಕೈಗಿಟ್ಟು, “ಖರೇ ಐತಿ” ಎಂದರು. ಬಾಗಿಲ ಮೆಟ್ಟಿಲನ್ನು ಕಾಲಿನಲ್ಲಿ ತಡಕುತ್ತ ಇಳಿದರು. ದಿನವೂ ಕೈಹಿಡಿದು ಇಳಿಸುತ್ತಿದ್ದ ನಾನು ಅಂದು ಕುಳಿತಲ್ಲಿಂದ ಏಳಲಿಲ್ಲ.

ಹೊಸ ಕಾರ್ಡ್ ತರಿಸಿ ಹಾಕಿದೆ, ಚಿತ್ರ ಬಂತು. ನಾನೇ ಸರಿ ಎಂದು ಬೀಗಿದೆ. ಅವರು ಅಂಗಡಿ ಮುಚ್ಚಿ ಬನವಾಸಿಯ ಹತ್ತಿರದ ಊರಿಗೆ ಹೋದದ್ದು ತಿಳಿದಾಗಲೂ ವಯಸ್ಸಾಯಿತು ಪಾಪ ಎಂದುಕೊಂಡೆನೇ ಹೊರತು ಬೇರೆ ಏನೂ ತೋಚಲಿಲ್ಲ. ಒಂದು ದಿನ ಹಳೆಯ ಕಾರ್ಡ್ ಕೈಗೆ ಸಿಕ್ಕಿತು. ಸುಮ್ಮನೆ ಅಂಚನ್ನು ರಬ್ಬರಿನಿಂದ ತಿಕ್ಕಿದೆ. ರಬ್ಬರ್ ಕಪ್ಪಾಯಿತು, ಜಿಡ್ಡುಜಿಡ್ಡು ಮಸಿ. ಬೇರೇನೂ ಬದಲಿಸದೆ ಅದನ್ನೇ ಹಾಕಿ ನೋಡಿದೆ. ಒಂದು ಗೆರೆಯೂ ಇಲ್ಲದ ಚಿತ್ರ.

ಅಂದೇ ಹೋಗಿ ಹೇಳಬೇಕಿತ್ತು. ದೀಪಾವಳಿ ಕಳೆಯಲಿ ಎಂದೆ, ಆಮೇಲೆ ಮದುವೆ ಸೀಸನ್ನಿನ ಕಪಾಟುಗಳ ಕೆಲಸ ಎಂದೆ. ನಿಜ ಹೇಳಬೇಕೆಂದರೆ ನಾಚಿಕೆಯಾಗಿತ್ತು. ಅಷ್ಟರಲ್ಲಿ ಅವರು ತೀರಿಕೊಂಡ ಸುದ್ದಿ ಬಂತು.

ಹೋದಾಗ ಅವರ ಹೆಂಡತಿ ನನ್ನನ್ನು ಕೂರಿಸಿ ನೀರು ಕೊಟ್ಟರು. “ನಿಮ್ಮ ಮನಿಯಿಂದ ಬಂದ ದಿನಾನ ‘ಇನ್ನ ನನ್ನ ಕೈಲೆ ಆಗೂದಿಲ್ಲ, ಸುಳ್ಳ ಹೇಳಾಕತ್ತೇನಿ ಮಂದಿಗೆ’ ಅಂದ್ರು. ಸಾಮಾನೆಲ್ಲಾ ಕೊಟ್ಟಬಿಟ್ರು. ಇಲ್ಲಿ ಬಂದ ಮ್ಯಾಲೆ ಬಾಜೂ ಮನಿಯಾವ್ರು ರೇಡಿಯೊ ತಂದ್ರೂ ಮುಟ್ಟಲಿಲ್ಲ.”

ತಪ್ಪಿದ್ದು ಅವರಲ್ಲ, ನಾನು, ಅವರು ಹೇಳಿದ್ದೇ ಸರಿಯಿತ್ತು ಎಂದು ಹೇಳುವಾಗ ನನಗೆ ಅಳು ತಡೆಯಲಾಗಲಿಲ್ಲ. ಅವರ ಹೆಂಡತಿ ನೀರಿನ ಲೋಟ ಬದಿಗಿಟ್ಟು ನನ್ನ ಎದುರು ಕೂತರು.

“ಇದನ್ನ ಅವ್ರು ಇದ್ದಾಗ ಬಂದು ಹೇಳಬಾರದಾಗಿತ್ತೇನಪಾ?”

ಸಿಟ್ಟಿನಿಂದ ಕೇಳಲಿಲ್ಲ, ತಿಳಿಯಲೆಂದೇ ಕೇಳಿದರು.