ತಗ್ಗಿಸಿದ ಗಾಡಿ

ಹುಬ್ಬಳ್ಳಿಯ ಗ್ಯಾರೇಜಿನಿಂದ ನನ್ನ ಪಿಕಪ್ಪನ್ನು ಬಿಡಿಸಿಕೊಂಡು ಬರಲು ಹೋದ ಸಂಜೆ, ಅದು ನನ್ನದೇ ಎಂದು ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಬಣ್ಣ ಅದೇ, ನಂಬರು ಅದೇ, ಎಡಬಾಗಿಲಿಗೆ ಬೇಲಿಯ ಜಾಲಿಮುಳ್ಳು ಗೀರಿದ ಗೆರೆಯೂ ಅದೇ. ಆದರೆ ಗಾಡಿ ಕುಳ್ಳಗಾಗಿತ್ತು. ಹಿಡಿಕೆ ಹಿಡಿದು ಮೈ ಎತ್ತಿ ಹತ್ತಬೇಕಾಗಿದ್ದ ಸೀಟು ಈಗ ನನ್ನ ಸೊಂಟದ ಮಟ್ಟಕ್ಕೆ ಬಂದು ಕೂತಿತ್ತು.

ಎತ್ತರ ಮಾಡಿಸಿದ್ದು ನಾನು. ಅದು ಷೋಕಿಗಲ್ಲ. ಅಪ್ಪ ತೀರಿಕೊಂಡ ಮೇಲೆ ಹತ್ತಿ ವ್ಯಾಪಾರ ಅಣ್ಣನಿಗೆ ಹೋಯಿತು, ಸುಳ್ಳ ಎಂಬ ಊರಿನ ಹೊಲ ನನಗೆ ಬಂತು. ಹೊಲವನ್ನು ಯಾರಿಗಾದರೂ ಲಾವಣಿಗೋ ಗೇಣಿಗೋ ಹಾಕಿ, ಕೊಟ್ಟಷ್ಟು ತೆಗೆದುಕೊಂಡು ನಾನು ಮಾಳಮಡ್ಡಿಯ ಮನೆಯಲ್ಲಿ ಸುಮ್ಮನೆ ಕೂಡುತ್ತೇನೆ ಎಂದು ಎಲ್ಲರೂ ಎಣಿಸಿದ್ದರು. ನಾನು ಕೂಡಲಿಲ್ಲ. ಮೊದಲ ಮಳೆಗಾಲದಲ್ಲೇ ಸಾದಾ ಗಾಡಿ ಆ ದಾರಿಗೆ ಸಾಲದು ಎಂದು ಗೊತ್ತಾಯಿತು. ಅದು ಎರೆಮಣ್ಣಿನ ದಾರಿ. ಮಳೆ ಬಿದ್ದರೆ ಚಪ್ಪಲಿ ಕಾಲಿಗಿಂತ ಭಾರವಾಗುತ್ತದೆ. ಟ್ರ್ಯಾಕ್ಟರುಗಳು ಕೊರೆದ ಎರಡು ತಗ್ಗುಗಳ ನಡುವೆ ಮಣ್ಣಿನ ದಿಣ್ಣೆ ಎದ್ದು ನಿಂತಿರುತ್ತದೆ. ಗಾಡಿಯ ಹೊಟ್ಟೆ ಅದರ ಮೇಲೆ ಕೂತಿತೆಂದರೆ ಗಾಲಿಗಳು ಗಾಳಿಯಲ್ಲಿ ತಿರುಗಿದಂತೆ ತಿರುಗುತ್ತವೆ, ಗಾಡಿ ಕದಲುವುದಿಲ್ಲ.

ಅದಕ್ಕೇ ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ ಹಳೆಯ ಪಿಕಪ್ ಹುಡುಕಿ ತಂದೆ. ಅದರ ಕಮಾನು ಪಟ್ಟಿಗಳನ್ನು, ಗ್ಯಾರೇಜಿನವರು ಪಾಟಾ ಅನ್ನುತ್ತಾರಲ್ಲ, ಅವನ್ನು ಬಿಚ್ಚಿಸಿ ಎತ್ತರದ ಪಾಟಾ ಹಾಕಿಸಿದೆ. ಕೆಸರಿಗೆಂದೇ ಮಾಡಿದ ದಪ್ಪ ಹಲ್ಲಿನ ದೊಡ್ಡ ಟಯರು ಬಂದವು. ಗಾಡಿ ಮೇಲೇರಿದ ಮೇಲೆ ಮುಂದಿನ ಗಾಲಿಗಳ ಬ್ರೇಕ್ ಪೈಪು ಗಿಡ್ಡವಾಗುತ್ತದೆ. ಉದ್ದನೆಯ ಪೈಪು ತರಿಸಿ ನಾನೇ ಜೋಡಿಸಿದೆ. ಮನೆಯ ಮುಂದೆ ಗೋಣಿತಟ್ಟು ಹಾಸಿಕೊಂಡು ಗಾಡಿಯ ಕೆಳಗೆ ಮಲಗಿ ಗ್ರೀಸ್ ಹೊಡೆಯುವುದು ನನಗೆ ರೂಢಿಯಾಯಿತು. ಬೀದಿಯ ಜನ ಮೊದಮೊದಲು ನಿಂತು ನೋಡಿದರು, ಆಮೇಲೆ ಬಿಟ್ಟರು. ನೋಡುವುದನ್ನು ಬಿಡದವನೆಂದರೆ ನಮ್ಮಣ್ಣ ಒಬ್ಬನೇ. ಒಂದೇ ಕಂಪೌಂಡಿನಲ್ಲಿ ಮುಂದಿನ ಮನೆ ಅವನದು, ಹಿಂದಿನದು ನನ್ನದು.

ಗ್ಯಾರೇಜಿನ ಮಾಲಕ ಚಹಾದ ಲೋಟ ಹಿಡಿದು ಬಂದ.

“ಪಾಟಾ ಯಾಕ ಬಿಚ್ಚೀರಿ? ನಾ ಹೇಳಿದ್ದು ಎಣ್ಣಿ ಬದಲಿ ಮಾಡ್ರಿ, ಕ್ಲಚ್ ನೋಡ್ರಿ, ಅಷ್ಟ.”

“ಸಾವ್ಕಾರ್ರು ಫೋನ್ ಮಾಡಿದ್ರು ಅಕ್ಕಾರ. ಹಳೇ ಪಾಟಾ ನಿನ್ನ ಕಡೇನ ಬಿದ್ದಾವಲ್ಲ, ಹಾಕಿ ಮೊದಲ ಹೆಂಗಿತ್ತೋ ಹಂಗ ಮಾಡು ಅಂದ್ರು.”

“ಗಾಡಿ ಯಾರದು?”

“ನಿಮ್ಮದ ರೀ.”

“ನನ್ನ ಕೇಳಿದ್ರೇನು?”

“ಅಣ್ಣಾರ ಹೇಳಿದ ಮ್ಯಾಲ ಮತ್ತ ನಿಮ್ಮನ್ನೇನ ಕೇಳೂದು ಅಂತ…”

ಅಣ್ಣನ ಹತ್ತಿ ಸಾಗಿಸುವ ಲಾರಿಗಳೆಲ್ಲ ರಿಪೇರಿಗೆ ಬರುವುದು ಅಲ್ಲಿಗೇ. ಆ ಮಾತು ಅವನೂ ಆಡಲಿಲ್ಲ, ನಾನೂ ಆಡಲಿಲ್ಲ. ಆದರೂ ಕೇಳಬೇಕಾದ್ದನ್ನು ಕೇಳಿದೆ. “ಗಾಡಿ ತಗ್ಗಿಸಿ ದೊಡ್ಡ ಟಯರ ಹಂಗ ಬಿಟ್ಟೀರಿ. ಬ್ರೇಕ್ ಪೈಪು?”

“ಅದೂ ಹಳೇದ ಹಾಕೇವ್ರಿ. ಎಲ್ಲಾ ಚೆಕ್ ಮಾಡೇವಿ. ಬಿಂದಾಸ್ ಹೋಗ್ರಿ.”

ನನ್ನ ಎತ್ತರದ ಪಾಟಾಗಳನ್ನು ಗಾಡಿಯ ಹಿಂದಿನ ಸರಕಿನ ಡಬ್ಬಿಗೆ ಹೇರಿಸಿಕೊಂಡು ಹೊರಟೆ. ತಿರುವುಗಳಲ್ಲಿ ಟಯರು ಮಡ್‌ಗಾರ್ಡಿಗೆ ಉಜ್ಜಿ ಗರಗರ ಅನ್ನುತ್ತಿತ್ತು. ಉಣಕಲ್ ಕೆರೆ ದಾಟಿ ಇಳಿಜಾರಿನಲ್ಲಿ ಮುಂದಿನ ಬಸ್ಸು ನಿಧಾನವಾಯಿತೆಂದು ಬ್ರೇಕ್ ಒತ್ತಿದೆ. ಪೆಡಲು ಬೆಣ್ಣೆಯಲ್ಲಿ ಇಳಿದಂತೆ ತಳಕ್ಕೆ ಹೋಯಿತು. ಮತ್ತೆ ಒತ್ತಿದೆ, ಏನೂ ಇಲ್ಲ. ಬಸ್ಸಿನ ಹಿಂದಿನ ಗಾಜಿನಲ್ಲಿ ಕೂಸನ್ನು ಎತ್ತಿಕೊಂಡು ನಿಂತ ಹೆಂಗಸಿನ ಮುಖ ದೊಡ್ಡದಾಗುತ್ತ ಬಂತು. ಗೇರು ಕೆಳಗಿಳಿಸಿದೆ, ಎಂಜಿನ್ ಕಿರುಚಿತು. ಹ್ಯಾಂಡ್‌ಬ್ರೇಕ್ ಎಳೆದು ಗಾಡಿಯನ್ನು ಎಡಕ್ಕೆ ಹೊರಳಿಸಿ ರಸ್ತೆಯಂಚಿನ ಕಟ್ಟೆಗೆ ಉಜ್ಜಿಸಿದೆ. ಬಸ್ಸಿನ ಪಕ್ಕದಲ್ಲೇ ಗಾಡಿ ನಿಂತಿತು. ಬಸ್ಸಿನವರಿಗೆ ಏನೂ ಗೊತ್ತಾಗಲೇ ಇಲ್ಲ, ಅವರು ಹೋದರು.

ಇಳಿದು ಮೊಬೈಲಿನ ಬೆಳಕು ಬಿಟ್ಟು ನೋಡಿದೆ. ಪೈಪು ಬದಲಿಸಿರಲಿಲ್ಲ. ನಾನು ಹಾಕಿದ ಉದ್ದನೆಯ ಪೈಪೇ ಇತ್ತು. ಗಾಡಿ ತಗ್ಗಿದ್ದರಿಂದ ಅದು ಜೋತುಬಿದ್ದು, ಟಯರಿನ ಹಲ್ಲಿಗೆ ಸಿಕ್ಕಿ ಹರಿದಿತ್ತು. ಬ್ರೇಕಿನ ಎಣ್ಣೆ ಗಾಲಿಯ ತುಂಬ ಸೋರಿತ್ತು.

ಗಾಡಿಯನ್ನು ಇನ್ನೊಂದು ಗಾಡಿಗೆ ಕಟ್ಟಿಸಿ ಎಳೆಸಿಕೊಂಡು ಮನೆಗೆ ಬಂದೆ. ಅಣ್ಣ ಗೇಟಿನಲ್ಲೇ ನಿಂತಿದ್ದ. ಹಗ್ಗ ನೋಡಿದ, ಗಾಡಿ ನೋಡಿದ, ನನ್ನ ಮುಖ ನೋಡಲಿಲ್ಲ.

“ನೋಡು, ಇದಕ್ಕ ನಾ ಹೇಳಿದ್ದು. ಈ ಗಾಡಿ ಹೆಂಗಸರಿಗೆ ಅಲ್ಲ.”

ಆ ಮಾತು ನೆನಪಾದರೆ ಇವತ್ತಿಗೂ ಹಲ್ಲು ಕಚ್ಚುತ್ತೇನೆ.

“ಗಾಡಿ ಛಲೋನ ಇತ್ತು. ನೀ ಫೋನ್ ಮಾಡಿದ ಮ್ಯಾಲ ಕೆಟ್ಟೈತಿ. ಯಾರನ್ನ ಕೇಳಿ ಫೋನ್ ಮಾಡಿದಿ?”

“ಒದರಬ್ಯಾಡ, ಒಳಗ ನಡಿ. ಐತವಾರ ಬೀಗರಾಗವ್ರು ನನ್ನ ಮಗಳನ್ನ ನೋಡಾಕ ಬರಾಕತ್ತಾರ. ಅವರ ಪೈಕಿ ಯಾರೋ ಮೊನ್ನೆ ಈ ಓಣ್ಯಾಗ ಹಾದು ಹೋಗ್ಯಾರ. ಗಾಡಿ ಕೆಳಗಿಂದ ಎರಡ ಕಾಲ ಹೊರಗ ಕಾಣ್ತಿದ್ವಂತ. ಯಾರವು ಅಂತ ಕೇಳಿದ್ರ ಕನ್ಯಾದ ಅತ್ತೀವು ಅಂದ್ರಂತ. ನನ್ನ ಮಾರಿ ಎಲ್ಲಿಡ್ಲಿ? ಮನಿ ಮುಂದ ರಾಕ್ಷಸನಂಗ ನಿಂತಿರತೈತಿ ಅದು. ಸ್ವಲ್ಪ ಮನಷ್ಯಾರ ಗಾಡಿ ಹಂಗ ಕಾಣ್ಲಿ ಅಂತ ಮಾಡಿಸಿದೆ. ಏನ ತಪ್ಪಾತು?”

ನನ್ನ ಕಾಲುಗಳು ಕಂಡದ್ದಕ್ಕೆ ನನ್ನ ಗಾಡಿಯ ಕಾಲು ಗಿಡ್ಡ ಮಾಡಿಸಿದ್ದ. ಬ್ರೇಕ್ ಹೋಯಿತು, ಬಸ್ಸಿಗೆ ಗುದ್ದುವುದು ಸ್ವಲ್ಪದರಲ್ಲಿ ತಪ್ಪಿತು ಎಂದು ಹೇಳಿದೆ. ಅವನು “ದೇವರು ದೊಡ್ಡಾಂವ” ಎಂದು ಒಳಗೆ ಹೋದ. ನನಗೆ ಪೆಟ್ಟಾಗಿದೆಯೇ ಎಂದೂ ಕೇಳಲಿಲ್ಲ.

ಆ ಗ್ಯಾರೇಜಿಗೆ ನಾನು ಮತ್ತೆ ಹೋಗಲಿಲ್ಲ. ಹೊಸ ಬ್ರೇಕ್ ಪೈಪು ತಂದೆ, ಪಾಟಾಗಳನ್ನು ಅಂಗಳಕ್ಕೆ ಇಳಿಸಿದೆ. ಎತ್ತಿ ಹಿಡಿಯಲು ಹೊಲದ ಆಳುಗಳಿಬ್ಬರು ಬಂದರು. ಅವರಿಗೆ ಬಿಡುವು ಸಿಕ್ಕಿದ್ದು ಭಾನುವಾರ, ಬೀಗರು ಬರುವ ಆ ಐತವಾರವೇ. ಬೇರೆ ದಿನ ಸಿಕ್ಕಿದ್ದರೂ ನಾನು ಐತವಾರವೇ ಬನ್ನಿ ಎನ್ನುತ್ತಿದ್ದೆನೇನೋ.

ಬೆಳಿಗ್ಗೆ ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಓಡಿಬಂದ. ಗಾಡಿ ಜಾಕಿನ ಮೇಲೆ, ಗಾಲಿಗಳು ಗೋಡೆಗೆ.

“ತಂಗೀ, ಒಂದ ದಿನ ತಡೀವಾ. ಕೈ ಮುಗೀತೇನಿ.”

“ಫೋನ್ ಮಾಡೂ ಮುಂದ ನನ್ನ ಕೇಳಿದ್ರ ತಡೀತಿದ್ದೆ.”

ಅವನ ಮಗಳು ರೇಷ್ಮೆ ಸೀರೆ ಉಟ್ಟು ನನಗೆ ಚಹಾ ತಂದುಕೊಟ್ಟಳು. “ಮುಗೀತೇನ್ ಅತ್ತಿ?” ಎಂದಳು. ಇನ್ನೊಂದು ಬದಿ ಉಳಿದಿದೆ ಎಂದೆ. “ಹಂಗಾರ ಅವಸರ ಮಾಡಬ್ಯಾಡ್ರಿ” ಎಂದು ಸೆರಗು ಸರಿಮಾಡಿಕೊಂಡು ಹೋದಳು.

ಬೀಗರು ಬಂದಾಗ ನಾನು ಗಾಡಿಯ ಕೆಳಗೇ ಇದ್ದೆ. ಸಾಲಾಗಿ ಚಪ್ಪಲಿ, ಬೂಟು, ಸೀರೆಯ ಅಂಚು ಹಾದುಹೋದವು. ಒಂದು ಜೊತೆ ಕೊಲ್ಹಾಪುರಿ ಚಪ್ಪಲಿ ನಿಂತಿತು. “ಜಾಕ್ ಗಟ್ಟಿ ಐತೇನ್ರಿ?” ಎಂದು ವಯಸ್ಸಾದ ದನಿ ಕೇಳಿತು. “ಐತ್ರಿ” ಎಂದೆ. “ಹುಷಾರ್ರಿ” ಎಂದು ಅದು ಒಳಗೆ ಹೋಯಿತು. ಅವರು ವರನ ತಂದೆ ಎಂದು ಆಮೇಲೆ ತಿಳಿಯಿತು. ಆ ದಿನ ನನ್ನ ಕ್ಷೇಮ ಕೇಳಿದವರು ಅವರೊಬ್ಬರೇ.

ಸಂಬಂಧ ಕೂಡಿತು, ಮದುವೆಯೂ ಆಯಿತು. ಈಗ ಅಣ್ಣ ಬಂದವರ ಮುಂದೆ ಹೊಟ್ಟೆ ಕುಣಿಸಿ ನಗುತ್ತಾನೆ: “ನಮ್ಮ ತಂಗಿ ಭಾರಿ ಖಡಕ್ ರೀ, ಅಕಿ ಗಾಡಿ ಅಕೀನ ರಿಪೇರಿ ಮಾಡ್ತಾಳ.” ಜನ ನನ್ನ ಕಡೆ ನೋಡಿ ನಗುತ್ತಾರೆ. ನಾನು ನಗುವುದಿಲ್ಲ. ಸಿಟ್ಟು ಬಿಡು, ಒಳ್ಳೆಯದೇ ಆಯಿತಲ್ಲ ಎಂದು ಅತ್ತಿಗೆ ಹೇಳುತ್ತಾಳೆ. ಅವರಿಗೆ ಒಳ್ಳೆಯದಾಯಿತು, ಸರಿ. ಇಳಿಜಾರಿನಲ್ಲಿ ಪೆಡಲು ತಳ ಸೇರಿದಾಗ ಒಳಗಿದ್ದವಳು ನಾನು.

ಹೋದ ಮಳೆಗಾಲದಲ್ಲಿ ಅಣ್ಣ ಹಿಂದಿನ ಮನೆಯ ತನಕ ಬಂದ. ಸುಳ್ಳದ ಕಡೆ ಕೊಂಡ ಸರಕು ಹೊಲದಲ್ಲೇ ಸಿಕ್ಕಿಕೊಂಡಿತ್ತು, ಅವನ ಲಾರಿ ಒಳಗೆ ಹೋಗುತ್ತಿರಲಿಲ್ಲ.

“ಗಾಡಿ ಬೇಕಾಗಿತ್ತಲ್ಲ” ಎಂದ, ಚಹಾಪುಡಿ ಕೇಳಿದಷ್ಟು ಸಲೀಸಾಗಿ.

“ಬ್ರೇಕ್ ಹೆಂಗ್ ಹೋಗಿತ್ತು ಅಂತ ಒಮ್ಮೆರ ಕೇಳು. ಪೂರಾ ಕುಂತು ಕೇಳು. ಆಮ್ಯಾಲ ನಾನ ಹೊಡಕೊಂಡು ಬರ್ತೇನಿ.”

“ಹಳೇದ ಯಾಕ ತಗೀತಿ?” ಎಂದ. ಕುರ್ಚಿ ಎಳೆದು ಮುಂದಿಟ್ಟೆ. ಅವನು ಕೊಡೆ ಬಿಚ್ಚಿಕೊಂಡು ಮುಂದಿನ ಮನೆಗೆ ಹೋದ.