ಗಂಟು ಹಾಕದ ಹಗ್ಗ

ನಾನು ಹೆದರುಪುಕ್ಕಲ. ಇದನ್ನು ಬಾಯಿಬಿಟ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಹಾವಿಗಾಗಲಿ ಹೊಳೆಗಾಗಲಿ ನಾನು ಹೆದರಿದವನಲ್ಲ; ಎತ್ತರ ಒಂದೇ ನನಗೆ ಆಗದು. ಏಣಿಯ ಐದನೇ ಮೆಟ್ಟಿಲಿಗೆ ಕಾಲಿಟ್ಟರೆ ಮೊಣಕಾಲು ನನ್ನ ಮಾತು ಕೇಳುವುದಿಲ್ಲ. ಇಂಥವನು ದೇವಸ್ಥಾನದ ಪೂಜೆಯನ್ನು ಅಣ್ಣನಿಗೆ ಬಿಟ್ಟು, ಓವರ್ಸಿಯರ್ ಕೆಲಸ ಕಲಿತು ಬಂದೆ. ಮನೆಯವರೆಲ್ಲ ಹೆಮ್ಮೆಪಡುತ್ತಿದ್ದಾಗ ಈ ಸಣ್ಣ ವಿಷಯ ಹೇಳುವುದಕ್ಕೆ ಸಂದರ್ಭವೇ ಸಿಗಲಿಲ್ಲ.

ಅರವತ್ತರ ದಶಕದ ಆರಂಭ. ಪಣಂಬೂರಿನಲ್ಲಿ ಹೊಸ ಬಂದರು ಬರುತ್ತದಂತೆ ಎಂದು ಊರಿಡೀ ಮಾತು. ಕುದ್ರೋಳಿಯ ಆಚೆ, ಹಳೆ ಬಂದರಿನ ಬದಿಯಲ್ಲಿ ಒಬ್ಬ ಬ್ಯಾರಿ ಸಾಹುಕಾರರು ದೊಡ್ಡ ಗೋದಾಮು ಕಟ್ಟಿಸುತ್ತಿದ್ದರು. ಅಲ್ಲಿ ನನಗೆ ಮೊದಲ ಕೆಲಸ. ಗೋಡೆ ಎದ್ದಿತ್ತು, ಮಾಡಿನ ಪಕ್ಕಾಸಿನ ತೊಲೆಗಳು, ಅವುಗಳ ಅಡ್ಡಕ್ಕೆ ರೀಪಿನ ಪಟ್ಟಿಗಳು ಎಲ್ಲ ಕೂತಿದ್ದವು, ಹಂಚು ಹೊದೆಸುವುದೊಂದು ಬಾಕಿ. ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಯ ಒಳಗೆ ಮಾಡು ಮುಚ್ಚಬೇಕು. ಅದು ಕಳೆದರೆ ಮಳೆ ಯಾರಿಗೂ ಕಾಯುವುದಿಲ್ಲ.

ಸಾಹುಕಾರರ ಹಿಂದಿನ ಕಟ್ಟಡದಲ್ಲಿ ಒಬ್ಬ ಆಳು ಮಾಡಿನಿಂದ ಬಿದ್ದು ಸತ್ತಿದ್ದ. ಹೆಣವನ್ನು ಮನೆಗೆ ಮುಟ್ಟಿಸಿದವರು ಇವರೇ. ಅದು ಅವರ ಮನಸ್ಸಿನಿಂದ ಹೋಗಿರಲಿಲ್ಲ. ಹಾಗಾಗಿ ಈ ಸಲ, ಆಗ ನಮ್ಮ ಊರಿನ ಕೆಲಸಗಾರರು ಕೇಳಿಯೇ ಇರದ ಒಂದು ಕಟ್ಟಳೆ ಮಾಡಿದರು. ಸರಕು ಸಾಗಿಸುವ ಮಂಜಿ ದೋಣಿಗಳಲ್ಲಿ ಬಳಸುವ ಗಟ್ಟಿ ಹಗ್ಗ ತರಿಸಿದರು. ಮಾಡಿನ ಮೇಲೆ ಹೋಗುವ ಪ್ರತಿಯೊಬ್ಬನೂ ಅದನ್ನು ಸೊಂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಪಕ್ಕಾಸಿಗೆ ಗಂಟು ಹಾಕಬೇಕು. ದಿನಾ ಬೆಳಿಗ್ಗೆ ಓವರ್ಸಿಯರ್ ಮೇಲೆ ಹತ್ತಿ, ಒಂದೊಂದು ಗಂಟನ್ನೂ ಕೈಯಿಂದ ಜಗ್ಗಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ನಾನು ಆಗಲಿ ಎಂದು ತಲೆಯಾಡಿಸಿದೆ.

ಮೊದಲ ದಿನ ನಾಲ್ಕು ಮೆಟ್ಟಿಲು ಹತ್ತಿ, ಏಣಿಯನ್ನು ತಬ್ಬಿಕೊಂಡು ನಿಂತುಬಿಟ್ಟೆ. ಮೇಲಿನಿಂದ ಮೇಸ್ತ್ರಿ ಇಣುಕಿದ. ನಲವತ್ತು ದಾಟಿದ, ಹಂಚಿನ ಕೆಲಸದಲ್ಲೇ ಬೆಳೆದ ಮನುಷ್ಯ. ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಏಣಿಯಲ್ಲಿ ಹಂಚು ಬರಬೇಕು, ನೀವು ಅಡ್ಡ ನಿಂತರೆ ಕೆಲಸ ನಿಲ್ಲುತ್ತದೆ, ಗಂಟೆಲ್ಲ ನಾನು ನೋಡಿದ್ದೇನೆ ಎಂದ. ನಾನು ಥಟ್ಟನೆ ಇಳಿದು ಸಹಿ ಹಾಕಿದೆ. ಮರುದಿನದಿಂದ ನಾನು ಏಣಿಯ ಬುಡಕ್ಕೆ ಬರುವ ಮೊದಲೇ ಬೇಡ ಸ್ವಾಮಿ, ಎಲ್ಲ ಆಗಿದೆ ಎಂದು ಅವನ ಕೂಗು ಬರುತ್ತಿತ್ತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡೆ. ನನ್ನ ಹೆದರಿಕೆ ಯಾರಿಗೂ ತಿಳಿಯಲಿಲ್ಲವಲ್ಲ ಎಂಬುದೇ ದೊಡ್ಡ ಸಮಾಧಾನ.

ಆದರೂ ದಿನವಿಡೀ ಗೋದಾಮಿನ ಒಳಗೆ ನಿಂತು, ಕತ್ತು ನೋಯುವವರೆಗೆ ಮೇಲೆ ನೋಡುತ್ತಿದ್ದೆ. ಏಳು ಜನ, ಏಳು ಹಗ್ಗ. ಪಕ್ಕಾಸಿನ ಮೇಲೆ ಹಗ್ಗದ ಸುತ್ತು ಕಾಣುತ್ತಿತ್ತು. ಕೆಳಗಿನಿಂದ ನೋಡುವವನಿಗೆ ಸುತ್ತೂ ಒಂದೇ, ಗಂಟೂ ಒಂದೇ. ಹಂಚಿನ ಕೆಲಸ ನಿಂತು ಮಾಡುವುದಲ್ಲ. ಏಣಿಯ ಉದ್ದಕ್ಕೂ ಜನ ನಿಂತು, ಒಬ್ಬರ ಕೈಯಿಂದ ಒಬ್ಬರ ಕೈಗೆ ಹಂಚು ಮೇಲೆ ಹೋಗುತ್ತಲೇ ಇರುತ್ತದೆ. ಮೇಲಿನವನು ಪಕ್ಕಕ್ಕೆ ಸರಿದಾಗಲೆಲ್ಲ ಗಂಟು ಬಿಚ್ಚಿ ಮತ್ತೆ ಕಟ್ಟಬೇಕು, ಅದಕ್ಕೆ ಎರಡೂ ಕೈ ಬೇಕು. ಇವರು ಇಷ್ಟು ಬೇಗ ಹೇಗೆ ಕಟ್ಟುತ್ತಾರೆ ಎಂದು ನನಗೆ ಅನಿಸಿದ್ದುಂಟು. ಕೇಳಲಿಲ್ಲ. ಕೇಳಿದರೆ ಹತ್ತಿ ನೋಡಬೇಕಾಗುತ್ತಿತ್ತು.

ಪತ್ತನಾಜೆಗೆ ಇನ್ನು ನಾಲ್ಕು ದಿನವಿತ್ತು. ಬೆಳಿಗ್ಗೆ ಹತ್ತರ ಹೊತ್ತಿಗೆ ನಾಲ್ಕು ಹನಿ ಉದುರಿ ಹಂಚು ಒದ್ದೆಯಾಯಿತು. ಇಳಿಯಿರಿ ಎನ್ನಲೋ ಬೇಡವೋ ಎಂದು ನಾನು ಒಳಗೆ ನಿಂತು ಮೇಲೆ ನೋಡುತ್ತಿದ್ದೆ. ಮೇಸ್ತ್ರಿಯ ಹಗ್ಗ ಒಮ್ಮೆ ಬಿಗಿಯಾಯಿತು. ಪಕ್ಕಾಸಿಗೆ ಸುತ್ತಿದ್ದ ಎರಡು ಸುತ್ತು ನನ್ನ ಕಣ್ಣೆದುರೇ ಸರಸರ ಬಿಚ್ಚಿಕೊಂಡು, ತುದಿ ರೀಪಿನ ಸಂದಿಯಿಂದ ಹೊರಗೆ ಹೋಯಿತು. ಆ ತುದಿಯಲ್ಲಿ ಗಂಟಿನ ಗುರುತೇ ಇರಲಿಲ್ಲ. ಆಮೇಲೆ ಹೊರಗಿನಿಂದ ಸದ್ದು ಕೇಳಿಸಿತು.

ಮೇಸ್ತ್ರಿ ಮರಳಿನ ರಾಶಿಯ ಅಂಚಿಗೆ ಬಿದ್ದಿದ್ದ. ಜೀವ ಇತ್ತು, ತೊಡೆಯ ಮೂಳೆ ಮುರಿದಿತ್ತು. ಸೊಂಟದಲ್ಲಿ ಹಗ್ಗ ಭದ್ರವಾಗಿಯೇ ಇತ್ತು.

ಮರುದಿನ ಸಾಹುಕಾರರು ನನ್ನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದರು. ಸಹಿಯ ಪುಸ್ತಕ ಅವರ ಕಂಕುಳಲ್ಲಿತ್ತು. ಇದರಲ್ಲಿ ದಿನಾ ಸಹಿ ಉಂಟು, ಇವರು ಹತ್ತಿ ನೋಡಿದ್ದು ಹೌದಾ ಎಂದು ಅವರು ಮೇಸ್ತ್ರಿಯನ್ನೇ ಕೇಳಿದರು.

"ಹತ್ತಿದ್ದಾರೆ ಸಾಹುಕಾರ್ರೆ," ಎಂದ ಅವನು. "ಅವರು ನೋಡುವಾಗ ಗಂಟು ಇತ್ತು. ಆಮೇಲೆ ಬಿಚ್ಚಿ ಬರೀ ಸುತ್ತಿ ಇಟ್ಟದ್ದು ನಾನು."

ಸಾಹುಕಾರರು ಉಸಿರುಬಿಟ್ಟು, ಡಾಕ್ಟರನ್ನು ಕಾಣಲು ಹೊರಗೆ ಹೋದರು. ನಾನು ಮಂಚದ ಬಳಿ ಬಗ್ಗಿ, ಯಾಕೆ ಸುಳ್ಳು ಹೇಳಿದೆ ಎಂದು ಕೇಳಿದೆ.

"ನಿಮಗೆ ಏಣಿ ಆಗುವುದಿಲ್ಲ ಅಂತ ಮೊದಲ ದಿನವೇ ಗೊತ್ತಾಯ್ತು ಮಾರಾಯ್ರೆ. ಆಳುಗಳ ಎದುರು ನಿಮ್ಮ ಮರ್ಯಾದೆ ಹೋಗುವುದು ಬೇಡ ಅಂತ ದಿನಾ ಬೇಡ ಬೇಡ ಹೇಳಿದೆ. ನೀವು ಬರುವುದಿಲ್ಲ ಅಂತ ಆದ ಮೇಲೆ ನಾವೂ ಗಂಟು ಹಾಕುವುದು ಬಿಟ್ಟೆವು. ಇನ್ನು ನಿಮ್ಮ ಕೆಲಸ ತೆಗೆಸಿ ನನಗೆ ಎಂತ ಸಿಗಲಿಕ್ಕುಂಟು?"

ನನಗೆ ಅಳು ಬಂತು, ಅವನೆದುರೇ ಅತ್ತೆ. ಸಾಹುಕಾರರು ಬಾಗಿಲಲ್ಲಿ ಕಾಣಿಸಿದ ಕೂಡಲೇ ಕಣ್ಣೊರೆಸಿಕೊಂಡೆ. ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದದ್ದೂ ಹೌದು. ಆದರೆ ಬಾಯಿಂದ ಬಂದದ್ದು, ಉಳಿದ ಮಾಡನ್ನು ಮಳೆಗೆ ಮೊದಲು ಮುಗಿಸುತ್ತೇವೆ ಎಂಬ ಮಾತು.

ಅದರ ಮರುದಿನ ಹತ್ತಿದೆ. ಯಾರೂ ಬೇಡ ಎನ್ನಲಿಲ್ಲ. ರೀಪು ತಬ್ಬಿ ಹಿಡಿದು, ಕೂಸಿನ ಹಾಗೆ ತೆವಳಿಕೊಂಡು ಒಂದೊಂದೇ ಹಗ್ಗ ಜಗ್ಗಿದೆ. ಆರಕ್ಕೂ ಅಂದು ಗಂಟಿತ್ತು, ಒಂದೊಂದಕ್ಕೆ ಮೂರು ಮೂರು. ಮುಂದೆ ಈ ಕೆಲಸದಲ್ಲಿ ಇದ್ದಷ್ಟು ವರ್ಷವೂ ಹಾಗೆ ನಡುಗಿಕೊಂಡೇ ಹತ್ತಿದ್ದೇನೆ.

ಮೇಸ್ತ್ರಿ ಮತ್ತೆ ಮಾಡು ಹತ್ತಲಿಲ್ಲ. ಸಾಹುಕಾರರು ಅವನನ್ನು ಗೋದಾಮಿನ ಬಾಗಿಲಲ್ಲಿ ಕಾವಲಿಗೆ ಕೂರಿಸಿದರು. ನಾನು ಹೋದಾಗಲೆಲ್ಲ ಸಾಹುಕಾರರು, ಅಲ್ಲಿದ್ದವರಿಗೆ ನಮ್ಮಿಬ್ಬರನ್ನೂ ತೋರಿಸಿ, ದಿನಾ ಹತ್ತಿ ನೋಡಿದವರು ಇವರು, ಮಾತು ಕೇಳದೆ ಬಿದ್ದವನು ಇವನು ಎಂದು ಹೇಳುತ್ತಿದ್ದರು. ಮೇಸ್ತ್ರಿ ಪ್ರತಿ ಸಲವೂ ಹೌದೆಂದು ತಲೆಯಾಡಿಸುತ್ತಿದ್ದ. ನಾನು ಪಕ್ಕದಲ್ಲೇ ಸುಮ್ಮನೆ ನಿಂತಿರುತ್ತಿದ್ದೆ.